ಪಾಲಾದ ನಿವೇಶನಕ್ಕೆ ನಿಯಮ ಎಲ್ಲಿದೆ?

ಅಮೆರಿಕದಲ್ಲಿ ಈಗ ವಸತಿ ನಿವೇಶನ ಒಡೆಯುವುದೇ ದೊಡ್ಡ ಚರ್ಚೆ. ಒಂದು ನಿವೇಶನದಲ್ಲಿ ಒಂದೇ ಕುಟುಂಬದ ಮನೆ ಇರಬೇಕೆಂಬ ವಲಯ ನಿಯಮವನ್ನು ಮಿನಿಯಾಪೊಲಿಸ್ ನಗರ ತನ್ನ 2018ರ ಯೋಜನೆಯಲ್ಲಿ ಕೈಬಿಟ್ಟಿತು. 2022ರ ಜನವರಿಯಿಂದ ಕ್ಯಾಲಿಫೋರ್ನಿಯ ಅಂಥ ನಿವೇಶನವನ್ನು ಎರಡು ಮಾಡಲು ದಾರಿ ತೆರೆಯಿತು. ಇದನ್ನೇ ಮಾದರಿಯಾಗಿ ಹಿಡಿದು, ವಲಯ ನಿಯಮ ಸಡಿಲಿಸಿದರೆ ನಮ್ಮ ಊರುಗಳ ಮನೆಯ ಬರವೂ ನೀಗುತ್ತದೆ ಎನ್ನುವವರಿದ್ದಾರೆ. ಕಡೂರು, ತರೀಕೆರೆ, ಅಜ್ಜಂಪುರಗಳ ಮಟ್ಟಿಗೆ ಇದು ರೋಗವನ್ನೇ ತಪ್ಪಾಗಿ ಗುರುತಿಸಿದಂತೆ. ಇಲ್ಲಿ ಅಣ್ಣತಮ್ಮಂದಿರು ಬೇರೆಯಾದಾಗಲೆಲ್ಲ ನಿವೇಶನ ಒಡೆದಿದೆ, ಯಾವ ವಲಯ ನಿಯಮವೂ ಅದನ್ನು ತಡೆದಿಲ್ಲ. ಇಲ್ಲದಿರುವುದು ಒಡೆದು ಉಳಿದ ತುಂಡಿನಲ್ಲಿ ಸಕ್ರಮವಾಗಿ ಮನೆ ಕಟ್ಟಿಕೊಳ್ಳುವ ನಿಯಮ.

ಈ ಕೊರತೆಯ ಇತಿಹಾಸದ ಮೊದಲ ಘಟ್ಟಗಳನ್ನು ಬೇಗ ದಾಟಬಹುದು. ಆಸ್ತಿಯನ್ನು ಸರಿಯಾಗಿ ಭಾಗ ಮಾಡಲಾಗದಿದ್ದರೆ ನ್ಯಾಯಾಲಯ ಅದನ್ನು ಮಾರಿಸಿ ಹಣ ಹಂಚಬಹುದು ಎಂದದ್ದು 1893ರ ವಿಭಾಗ ಕಾಯ್ದೆ. 1898ರ ಪ್ಲೇಗಿನ ನಂತರ ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿಗಳು ಎದ್ದವು. ಸುತ್ತ ಜಾಗ ಬಿಟ್ಟು ನಡುವೆ ಕಟ್ಟಿದ ಮನೆಯೇ ಆರೋಗ್ಯಕರ ಎಂಬ ನಂಬಿಕೆ ಆ ಕಾಲದಲ್ಲಿ ಬೇರೂರಿತು. ಇದಕ್ಕೆ ಎದುರು ನಿಂತವರು ನಗರ ಯೋಜಕ ಪ್ಯಾಟ್ರಿಕ್ ಗೆಡ್ಡೆಸ್. ಮದ್ರಾಸ್ ಪ್ರಾಂತ್ಯದ ಊರುಗಳ ಬಗ್ಗೆ 1915ರಲ್ಲಿ ವರದಿ ಬರೆದ ಅವರು, ಹಳೆಯ ಬೀದಿಗಳನ್ನು ಸಾಲಾಗಿ ಕೆಡವುವುದನ್ನು ವಿರೋಧಿಸಿದರು. ತೀರಾ ಹಾಳಾದ ಕೆಲವು ಕಟ್ಟಡ ತೆಗೆದು ಗಾಳಿ ಬೆಳಕು ತಂದರೆ ಸಾಕೆಂಬುದು ಅವರ ನಿಲುವು. ಚಿಕ್ಕ ಊರುಗಳ ಯೋಜನೆಗೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ನಾವು ಕಲಿತದ್ದು ಮಾತ್ರ ಬಡಾವಣೆಯ ನಕ್ಷೆ ಬರೆಯುವುದನ್ನು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆಯ 17ನೇ ಪ್ರಕರಣ ನಿವೇಶನ ವಿಭಜನೆಗೆ ಮಂಜೂರಾತಿ ಬೇಕೆನ್ನುತ್ತದೆ ನಿಜ. ಆದರೆ ಅದರ ಕಣ್ಣಿರುವುದು ಹೊಲ ಕೊಯ್ದು ಸೈಟು ಮಾರುವವರ ಮೇಲೆ. ರಸ್ತೆ, ಪಾರ್ಕು ಬಿಡಿಸಿಕೊಳ್ಳಲು ಅದು ಬೇಕೇ ಬೇಕು. ಅಪ್ಪನ ಮನೆ ಮೂವರು ಮಕ್ಕಳಿಗೆ ಹಂಚಿಹೋದಾಗ ಏನು ಮಾಡಬೇಕೆಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಹಂಚಿಕೆ ಬಿರುಸಾದದ್ದು ಕಳೆದ ಮೂವತ್ತು ವರ್ಷಗಳಲ್ಲಿ. 1994ರಲ್ಲಿ ಕರ್ನಾಟಕ, 2005ರಲ್ಲಿ ಇಡೀ ದೇಶ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟವು. ಬಹಳ ತಡವಾಗಿ ಬಂದ ನ್ಯಾಯ ಅದು. ಅದಕ್ಕೆ ತಕ್ಕಂತೆ ಕಟ್ಟಡ ನಿಯಮ ಬದಲಾಗಲಿಲ್ಲ. ಬೆಂಗಳೂರು-ಹೊನ್ನಾವರ (ಬಿ.ಎಚ್.) ರಸ್ತೆಯ ಅಕ್ಕಪಕ್ಕ ಕಡೂರು, ತರೀಕೆರೆಗಳಲ್ಲಿ ನಿವೇಶನದ ಬೆಲೆ ಏರಿತು, ತಾಲ್ಲೂಕು ಕೇಂದ್ರವಾದ ಮೇಲೆ ಅಜ್ಜಂಪುರದಲ್ಲೂ ಏರಿತು. ಪಾಲನ್ನು ಬಿಟ್ಟುಕೊಡುವವರು ಕಡಿಮೆಯಾದರು. ಸರ್ವೆ ನಂಬರಿನ ಜಮೀನು ಭಾಗವಾಗಬೇಕಾದರೆ ಭೂಮಾಪಕರ 11ಇ ನಕ್ಷೆ ಬೇಕು. ಊರೊಳಗಿನ ಮನೆ ಭಾಗವಾಗುವಾಗ ವಿಭಾಗ ಪತ್ರದ ಅಳತೆ, ಚಕ್ಕುಬಂದಿಗಳೇ ಆಧಾರ. ಇ-ಖಾತೆ ಬಂದ ಮೇಲೆ ತೊಡಕು ಬಯಲಾಯಿತು: ಪತ್ರದಲ್ಲಿ ಮೂರು ಮನೆ, ದಾಖಲೆಯಲ್ಲಿ ಒಂದೇ ಖಾತೆ. 2025ರ ಬಿ-ಖಾತೆ ಅಭಿಯಾನ ಅನಧಿಕೃತ ಬಡಾವಣೆಗಳ ನಿವೇಶನಗಳಿಗೆ ತೆರಿಗೆಯ ಗುರುತು ಕೊಟ್ಟಿತು. ಪಾಲಾದ ಮನೆಯನ್ನು ಕೆಡವಿ ಕಟ್ಟುವ ಪ್ರಶ್ನೆಯನ್ನು ಅದು ಮುಟ್ಟಲೇ ಇಲ್ಲ.

ಲೆಕ್ಕ ಹಾಕಿ ನೋಡಿ. 30x40 ಅಡಿಯ ನಿವೇಶನ ಉದ್ದಕ್ಕೆ ಸೀಳಿದರೆ 15 ಅಡಿ ಅಗಲದ ಎರಡು ತುಂಡು. ಎರಡೂ ಪಕ್ಕ ಒಂದೊಂದು ಮೀಟರ್ ಸೆಟ್‌ಬ್ಯಾಕ್ ಬಿಟ್ಟರೆ ಉಳಿಯುವುದು ಎಂಟೂವರೆ ಅಡಿಗೂ ಕಡಿಮೆ. ಒಂಬತ್ತು ಇಂಚಿನ ಎರಡು ಗೋಡೆ ಕಳೆದರೆ ಒಳಗೆ ಸುಮಾರು ಏಳಡಿ. ಅದೇ ತುಂಡಿಗೆ ಎರಡೂ ಬದಿ ಜಂಟಿ ಗೋಡೆಗೆ ಅವಕಾಶವಿದ್ದರೆ 14 ಅಡಿ ದಾಟಿದ ಕೋಣೆ ಸಿಗುತ್ತದೆ. ನಮ್ಮ ಹಳೆಯ ಬೀದಿಗಳ ಹೆಂಚಿನ ಮನೆಗಳು ನಿಂತಿರುವುದೇ ಹೀಗೆ: ಗೋಡೆಗೆ ಗೋಡೆ ತಾಗಿ, ಮುಂದೆ ಜಗಲಿ, ಹಿಂದೆ ಹಿತ್ತಲು. ಒಂದು ಕುಟುಂಬ, ಒಂದು ಮನೆ ಎಂದು ಯಾರೂ ಬರೆದಿಡದಿದ್ದರೂ ಸೆಟ್‌ಬ್ಯಾಕ್ ಆ ಕೆಲಸ ಮಾಡುತ್ತಿದೆ. ನಿಯಮದಂತೆ ಕಟ್ಟಲಾಗದವರು ನಿಯಮ ಮೀರಿ ಕಟ್ಟುತ್ತಾರೆ. ಅಲ್ಲಿಗೆ ಬ್ಯಾಂಕ್ ಸಾಲದ ಬಾಗಿಲು ಮುಚ್ಚುತ್ತದೆ.

ಸುಪ್ರೀಂ ಕೋರ್ಟೇ ವಿಭಜನೆಯನ್ನು ತಡೆದಿದೆಯಲ್ಲ ಎಂಬ ಆಕ್ಷೇಪ ಬರುತ್ತದೆ. 2023ರ ಜನವರಿಯಲ್ಲಿ ಚಂಡೀಗಢದ ಮೊದಲ ಹಂತದ ಸೆಕ್ಟರ್‌ಗಳಲ್ಲಿ ಒಂಟಿ ಮನೆಗಳನ್ನು ಅಪಾರ್ಟ್‌ಮೆಂಟುಗಳಾಗಿ ಒಡೆಯಬಾರದೆಂದು ಅದು ತೀರ್ಪಿತ್ತದ್ದು, ಬೆಂಗಳೂರಿನ ಅವಸ್ಥೆಯನ್ನು ಎಚ್ಚರಿಕೆಯಾಗಿ ತೋರಿಸಿದ್ದು ಎರಡೂ ನಿಜ. ಆದರೆ ಅಲ್ಲಿ ಕಾಪಾಡಬೇಕಿದ್ದದ್ದು ವಾಸ್ತುಶಿಲ್ಪಿ ಲೆ ಕಾರ್ಬುಸಿಯೆ ಕಡಿಮೆ ಜನಸಾಂದ್ರತೆಗೆಂದೇ ರೂಪಿಸಿದ ನಗರ. ತರೀಕೆರೆಯ ಪೇಟೆಬೀದಿಯಲ್ಲಿ ಕಾಪಾಡಬೇಕಾದ ರೂಪವೇ ಸಾಲುಮನೆ. ಗಾಳಿ ಬೆಳಕಿನ ಆಕ್ಷೇಪ ಇದಕ್ಕಿಂತ ತೂಕದ್ದು. ಒಳಗೊಂದು ತೆರೆದ ಅಂಗಳ ಕಡ್ಡಾಯ ಮಾಡಿದರೆ ಅದಕ್ಕೆ ಪರಿಹಾರವಿದೆ. ಪಕ್ಕದಲ್ಲಿ ಬಿಟ್ಟ ಮೀಟರ್ ಜಾಗಕ್ಕೆ ಬೆಳಕಿಗಿಂತ ಮೊದಲು ಬರುವುದು ಕಸ. ಬೆಂಕಿಯ ಭಯಕ್ಕೆ ಜಂಟಿ ಗೋಡೆ ಪೂರ್ತಿ ಇಟ್ಟಿಗೆಯದಾಗಿ ಸೂರಿನಿಂದ ಮೇಲೆ ಎದ್ದಿರಬೇಕೆಂಬ ಷರತ್ತು ಸಾಕು. ಇನ್ನು ದಾರಿ, ಚರಂಡಿಯ ಜಗಳ: ಪಾಲಾದ ಆಸ್ತಿಯಲ್ಲಿ ಒಬ್ಬರ ಭಾಗದ ಅನುಭೋಗಕ್ಕೆ ಅನಿವಾರ್ಯವಾದ ಹಕ್ಕು ಇನ್ನೊಬ್ಬರ ಭಾಗದ ಮೇಲೆ ಇರುತ್ತದೆಂದು 1882ರ ಈಸ್‌ಮೆಂಟ್ ಕಾಯ್ದೆಯ 13ನೇ ಕಲಮು ಹೇಳುತ್ತದೆ. ಆ ಹಕ್ಕನ್ನು ನಕ್ಷೆಗಿಳಿಸಿ, ಜಂಟಿ ಗೋಡೆ, ಓಣಿ, ಚರಂಡಿ, ಬಾವಿ ಯಾರ ಪಾಲಿಗೆಷ್ಟು ಎಂದು ಗುರುತಿಸಿ, ವಿಭಾಗ ಪತ್ರದ ಜೊತೆಗೇ ನೋಂದಾಯಿಸಲಿ. ಆ ನಕ್ಷೆಯ ಮೇಲೆಯೇ ಪುರಸಭೆ ಬೇರೆ ಬೇರೆ ಖಾತೆ ತೆರೆದು, ಕಟ್ಟಡ ಪರವಾನಗಿಯನ್ನೂ ಕೊಡಲಿ.