ಹೆಗಲ ಮೇಲಿನ ದೋಣಿ

ಕಯಾಕ್‌ನಲ್ಲಿ ಸರೋವರ ಸುತ್ತಿ, ಸಂಜೆ ದಡದಲ್ಲಿ ಡೇರೆ ಹಾಕುವ ಗೆಳೆಯರ ಪ್ರವಾಸಕ್ಕೆ ಸಾಮಾನ್ಯವಾಗಿ ಎರಡು ಮೂಲಗಳನ್ನು ಹೇಳುತ್ತಾರೆ. ದೋಣಿ ಆರ್ಕ್ಟಿಕ್‌ನ ಇನ್ಯೂಟ್ ಜನರದು. ಅದರಲ್ಲಿ ಮೋಜಿಗಾಗಿ ಊರೂರು ತಿರುಗುವುದನ್ನು ಕಲಿಸಿದವನು 1865ರಲ್ಲಿ ‘ರಾಬ್ ರಾಯ್’ ಎಂಬ ದೋಣಿ ಹತ್ತಿ ಯುರೋಪಿನ ನದಿಗಳಿಗಿಳಿದ ಜಾನ್ ಮ್ಯಾಕ್‌ಗ್ರೆಗರ್. ಎರಡೂ ನಿಜವೇ. ಆದರೆ ಯಾರ ನೆರವೂ ಇಲ್ಲದೆ ತಮ್ಮ ಪಾಡಿಗೆ ತಾವು ಹೋಗಿಬರುವ ಇಂದಿನ ರೂಢಿ ಬೆಳೆದದ್ದು 1880ರ ದಶಕದಲ್ಲಿ, ನ್ಯೂಯಾರ್ಕ್ ರಾಜ್ಯದ ಅಡಿರಾಂಡಾಕ್ ಕಾಡಿನ ಸರೋವರಗಳಲ್ಲಿ. ಅದನ್ನು ಸಾಧ್ಯವಾಗಿಸಿದ್ದು ದೋಣಿಯ ತೂಕ ಇಳಿದದ್ದು ಎಂಬುದು ನನ್ನ ವಾದ.

ಅಲ್ಲಿ ಒಂದು ಸರೋವರ ಮುಗಿದು ಇನ್ನೊಂದು ಶುರುವಾಗುವ ನಡುವೆ ಕಾಡುದಾರಿ. ದೋಣಿಯನ್ನು ಹೊತ್ತೇ ದಾಟಬೇಕು. ವಿಲಿಯಂ ಮರ್ರೆ ಎಂಬ ಪಾದ್ರಿ 1869ರಲ್ಲಿ ಬರೆದ ಪುಸ್ತಕ ಓದಿ ಪಟ್ಟಣಿಗರು ಈ ಕಾಡಿಗೆ ಮುಗಿಬಿದ್ದರು, ಆದರೆ ಹೊರೆ ಹೊತ್ತವರು ಅವರಲ್ಲ. ಮೂವತ್ತು ಕಿಲೋ ಆಸುಪಾಸಿನ ದೋಣಿಯನ್ನು ಮರದ ನೊಗಕ್ಕೆ ಕೂರಿಸಿ, ತಲೆಕೆಳಗಾಗಿ ಹೆಗಲಿಗೇರಿಸಿ ನಡೆದವನು ಸ್ಥಳೀಯ ಗೈಡ್. ಹುಟ್ಟು ಹಾಕುವವನೂ ಅವನೇ, ಅಡುಗೆಯವನೂ ಅವನೇ. ಅವನ ದಿನಗೂಲಿ ಕೊಡಲಾಗದವನಿಗೆ ಈ ಸರೋವರಗಳು ದೂರವೇ.

ಇದನ್ನು ಮುರಿದವನು ಪೆನ್ಸಿಲ್ವೇನಿಯಾದ ವೆಲ್ಸ್‌ಬರೋ ಊರಿನ ಚಮ್ಮಾರ ಜಾರ್ಜ್ ವಾಷಿಂಗ್ಟನ್ ಸಿಯರ್ಸ್. ‘ನೆಸ್ಮಕ್’ ಅವನ ಕಾವ್ಯನಾಮ. ಕುಳ್ಳ, ಸಣಕಲ, ಅರವತ್ತು ದಾಟಿದ ರೋಗಿ. ಕ್ಯಾಂಟನ್ ಊರಿನ ದೋಣಿಗಾರ ಹೆನ್ರಿ ರಶ್ಟನ್ ಕೈಯಲ್ಲಿ ಒಂದಕ್ಕಿಂತ ಒಂದು ಹಗುರವಾದ ದೋಣಿ ಮಾಡಿಸಿದ. 1883ರ ‘ಸೈರಿ ಗ್ಯಾಂಪ್’ಗೆ ಒಂಬತ್ತು ಅಡಿ ಉದ್ದ, ಸೀಡರ್ ಮರದ ತೆಳು ಹಲಗೆಗಳನ್ನು ಅಂಚಿನ ಮೇಲೆ ಅಂಚು ಬರುವಂತೆ ಜೋಡಿಸಿದ ಮೈ. ತೂಕ ಹತ್ತೂವರೆ ಪೌಂಡ್, ಅಂದರೆ ಐದು ಕಿಲೋ ಅಕ್ಕಿಚೀಲಕ್ಕಿಂತ ತುಸು ಕಡಿಮೆ! ಕಯಾಕ್‌ನ ಹಾಗೆ ಎರಡು ತುದಿಗೂ ಅಲಗಿರುವ ಹುಟ್ಟು ಹಿಡಿದು, ಗೈಡ್ ಇಲ್ಲದೆ 266 ಮೈಲಿ ಸುತ್ತಿದ. ಅನುಭವವನ್ನು ‘ಫಾರೆಸ್ಟ್ ಅಂಡ್ ಸ್ಟ್ರೀಮ್’ ಪತ್ರಿಕೆಗೆ ಬರೆದ.

ಇನ್ಯೂಟರ ಕಯಾಕ್ ಕೂಡ ಹಗುರವೇ ಅಲ್ಲವೇ ಎನ್ನಬಹುದು. ಹೌದು, ಎರಡಲಗಿನ ಹುಟ್ಟಿನ ಋಣವೂ ಅವರದೇ. ಆದರೆ ಸೀಲ್ ಚರ್ಮ ಹೊದಿಸಿದ ಆ ದೋಣಿ ಬೇಟೆಯ ಸಾಧನ, ಹೊಟ್ಟೆಪಾಡು. ಅದನ್ನು ವಿಹಾರದ ಪೀಠಿಕೆ ಮಾಡುವುದು ಅವರಿಗೆ ಅನ್ಯಾಯ. ಮ್ಯಾಕ್‌ಗ್ರೆಗರನ ಓಕ್ ದೋಣಿಯಾದರೋ ಭಾರದ್ದು. ನೀರು ಮುಗಿದಲ್ಲಿ ಅವನಿಗೆ ರೈಲು, ಗಾಡಿ, ಕೂಲಿಯವರು ಬೇಕಾದರು. ನೆಸ್ಮಕ್‌ನ ದೋಣಿ ಅವನಂಥ ಸಣ್ಣಾಳಿಗಷ್ಟೇ ಸರಿ ಎಂಬ ಆಕ್ಷೇಪದಲ್ಲಿ ಹೆಚ್ಚು ಹುರುಳಿದೆ. ಆದರೂ ಅದೇ ಮಾದರಿಯ ಹಗುರ ದೋಣಿಗಳನ್ನು ರಶ್ಟನ್ ಬೇರೆಯವರಿಗೂ ಮಾಡಿ ಮಾರಿದ. ನೆಸ್ಮಕ್ 1884ರಲ್ಲಿ ತಂದ ‘ವುಡ್‌ಕ್ರಾಫ್ಟ್’ ಪುಸ್ತಕವೂ ಕಡಿಮೆ ಹೊರೆಯಲ್ಲಿ ಕಾಡಿನಲ್ಲಿ ಬದುಕುವುದನ್ನೇ ಕಲಿಸಿತು. ಗೈಡ್‌ಗಳ ಅನ್ನಕ್ಕೆ ಇದು ಕುತ್ತಾಗಲಿಲ್ಲವೇ? ಸ್ವಲ್ಪ ಆಗಿರಬೇಕು, ಅದನ್ನು ಮುಚ್ಚಿಡಬೇಕಿಲ್ಲ.

ಇಂದು ಬಾಡಿಗೆಗೆ ಸಿಗುವ ಪ್ಲಾಸ್ಟಿಕ್ ಕಯಾಕ್ ಸಾಮಾನ್ಯವಾಗಿ ಇಪ್ಪತ್ತು ಕಿಲೋ ಅಥವಾ ಅದಕ್ಕೂ ಹೆಚ್ಚು. ನೀರಿನಂಚಿನವರೆಗೆ ರಸ್ತೆ ಬಂದಿದೆ, ಹೊರುವ ಕೆಲಸ ಕಾರಿನದಾಗಿದೆ. ತೂಕದ ಲೆಕ್ಕದಲ್ಲಿ ನಾವು ನೆಸ್ಮಕ್‌ನಿಗಿಂತ ಹಿಂದೆಯೇ ಇದ್ದೇವೆ.