ಎದೆ ಉಳಿಸಿದ ಸೂಜಿ, ಕಿವಿ ತೆತ್ತ ಬೆಲೆ

ಕ್ಷಯಕ್ಕೆ ಮದ್ದೇ ಇಲ್ಲದ ಕಾಲದಲ್ಲಿ ವೈದ್ಯರು ಹೇಳುತ್ತಿದ್ದದ್ದು ಹಾಲು, ಮೊಟ್ಟೆ, ಒಳ್ಳೆಯ ಗಾಳಿ ಮತ್ತು ಹಾಸಿಗೆ. ಸುಮಾರು ನೂರು ವರ್ಷದ ಹಿಂದೆ ಮೈಸೂರಿನಲ್ಲಿ ಸ್ಯಾನಿಟೋರಿಯಂ ಕಟ್ಟಿದಾಗ ಅದಕ್ಕೆ ಇಟ್ಟದ್ದು ಕ್ಷಯದಿಂದಲೇ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರನ್ನು. ಅರಮನೆಗೇ ಸಿಗದ ಮದ್ದು ಊರಿಗೆ ಎಲ್ಲಿಂದ ಸಿಗಬೇಕು? ಮುಂದೆ ಪೆನಿಸಿಲಿನ್ ಬಂತು. ಅದೂ ಕ್ಷಯದ ರೋಗಾಣುವಿನ ಮುಂದೆ ಸೋತಿತು. ಆ ರೋಗಾಣುವನ್ನು ಮೊದಲು ಮಣಿಸಿದ ಮದ್ದು ಸ್ಟ್ರೆಪ್ಟೊಮೈಸಿನ್. ಅದನ್ನು ಬಳಸಲು ಕಲಿತ ಕಥೆ ಎಷ್ಟು ದೊಡ್ಡದೋ, ಕೈಬಿಡಲು ಕಲಿತ ಕಥೆಯೂ ಅಷ್ಟೇ ದೊಡ್ಡದು. ಎರಡನೆಯದಕ್ಕೆ ಬೇಕಿದ್ದಕ್ಕಿಂತ ಹೆಚ್ಚು ಕಾಲ ಹಿಡಿಯಿತು ಎಂಬುದೇ ನನ್ನ ತಕರಾರು.

1943ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಕೃಷಿ ಕಾಲೇಜಿನ ನೆಲಮಾಳಿಗೆಯಲ್ಲಿ ಆಲ್ಬರ್ಟ್ ಶಾಟ್ಜ್ ಎಂಬ 23ರ ವಿದ್ಯಾರ್ಥಿ ಮಣ್ಣಿನ ಸೂಕ್ಷ್ಮಜೀವಿಗಳನ್ನು ಬೆಳೆಸುತ್ತಿದ್ದ. ಗೊಬ್ಬರ ಹಾಕಿದ ಹೊಲದ ಮಣ್ಣಿನಿಂದ ಒಂದು, ಕೋಳಿಯ ಗಂಟಲಿನಿಂದ ಇನ್ನೊಂದು, ಹೀಗೆ ಸಿಕ್ಕಿದ ಎರಡು ತಳಿಗಳಿಂದ ಈ ಮದ್ದು ಹುಟ್ಟಿತು. ಶಾಟ್ಜ್‌ನ ಗುರು ಸೆಲ್ಮನ್ ವಾಕ್ಸ್‌ಮನ್‌ಗೆ 1952ರ ನೊಬೆಲ್ ಬಂತು, ಶಿಷ್ಯನಿಗೆ ಬರಲಿಲ್ಲ. ಅದಕ್ಕೆ ಎರಡು ವರ್ಷ ಮೊದಲೇ ಶಾಟ್ಜ್ ಕೋರ್ಟಿಗೆ ಹೋಗಿ, ಸಹಶೋಧಕ ಎಂಬ ಮಾನ್ಯತೆಯನ್ನೂ ರಾಯಧನದಲ್ಲಿ ಶೇಕಡಾ 3ರ ಪಾಲನ್ನೂ ಪಡೆದಿದ್ದ. ಗುರುಶಿಷ್ಯರ ಜಗಳ ಸ್ವಾರಸ್ಯವಾದದ್ದೇ, ಆದರೆ ರೋಗಿಗೆ ಅದರಿಂದ ಆಗಬೇಕಾದದ್ದು ಏನೂ ಇಲ್ಲ.

ರೋಗಿಗೆ ಬೇಕಾದ ಪಾಠ ಸಿಕ್ಕಿದ್ದು ಬ್ರಿಟನ್ನಿನಲ್ಲಿ. ಯುದ್ಧ ಮುಗಿದಿತ್ತು, ಖಜಾನೆಯಲ್ಲಿ ಡಾಲರ್ ಇರಲಿಲ್ಲ, ಅಮೆರಿಕದಿಂದ ತರಿಸಿದ ಮದ್ದು ಎಲ್ಲರಿಗೂ ಸಾಲುವಂತಿರಲಿಲ್ಲ. ಯಾರಿಗೆ ಕೊಡುವುದು? ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಆ ಕೊರತೆಯನ್ನೇ ಪ್ರಯೋಗಕ್ಕೆ ಒದಗಿಸಿಕೊಂಡರು. ಶ್ವಾಸಕೋಶದ ಕ್ಷಯ ತೀವ್ರವಾಗಿದ್ದ 107 ಜನರನ್ನು ಲಾಟರಿಯಂಥ ಕ್ರಮದಲ್ಲಿ ಎರಡು ಗುಂಪು ಮಾಡಿದರು. 55 ಜನಕ್ಕೆ ಇಂಜೆಕ್ಷನ್ ಮತ್ತು ವಿಶ್ರಾಂತಿ, 52 ಜನಕ್ಕೆ ವಿಶ್ರಾಂತಿ ಮಾತ್ರ. ಆರು ತಿಂಗಳಲ್ಲಿ ಮೊದಲ ಗುಂಪಿನಲ್ಲಿ 4 ಸಾವು, ಎರಡನೆಯದರಲ್ಲಿ 14. 1948ರಲ್ಲಿ ಪ್ರಕಟವಾದ ಈ ವರದಿಯನ್ನು ಇಂದಿನ ವೈದ್ಯಕೀಯ ಪ್ರಯೋಗಗಳಿಗೆಲ್ಲ ಮಾದರಿ ಎನ್ನುತ್ತಾರೆ.

ಹೊಗಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಅದೇ ರೋಗಿಗಳನ್ನು ಐದು ವರ್ಷ ಗಮನಿಸಿದಾಗ ಇಂಜೆಕ್ಷನ್ ಪಡೆದ 55ರಲ್ಲಿ 32 ಜನ ತೀರಿಕೊಂಡಿದ್ದರು, ಪಡೆಯದ 52ರಲ್ಲಿ 35. ಅಂತರ ಬಹುಮಟ್ಟಿಗೆ ಅಳಿಸಿಹೋಗಿತ್ತು. ಒಂದೇ ಮದ್ದನ್ನು ತಿಂಗಳುಗಟ್ಟಲೆ ಕೊಟ್ಟಾಗ ಅದಕ್ಕೆ ಜಗ್ಗದ ರೋಗಾಣುಗಳು ಮಾತ್ರ ಉಳಿದು ಬೆಳೆದಿದ್ದವು. ಪಿ.ಎ.ಎಸ್. ಎಂಬ ಮಾತ್ರೆಯನ್ನು ಜೊತೆಗೂಡಿಸಿದರೆ ಈ ಪ್ರತಿರೋಧ ಬಹಳ ಕಡಿಮೆಯಾಗುತ್ತದೆಂದು ಬೇಗನೇ ಗೊತ್ತಾಯಿತು. 1952ರಲ್ಲಿ ಐಸೊನಿಯಜಿಡ್ ಎಂಬ ಇನ್ನೊಂದು ಮಾತ್ರೆ ಬಂತು. ಕ್ಷಯಕ್ಕೆ ಒಂಟಿ ಮದ್ದು ಕೊಡಕೂಡದೆಂಬ ನಿಯಮ ಹೀಗೆ ಸತ್ತವರಿಂದ ಕಲಿತದ್ದು.

ಅಡ್ಡಪರಿಣಾಮಗಳೂ ಆ ಮೊದಲ ಪ್ರಯೋಗದಲ್ಲೇ ಕಂಡಿದ್ದವು. ಇಂಜೆಕ್ಷನ್ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ತಲೆಸುತ್ತು ಬಂದಿತ್ತು. ಸ್ಟ್ರೆಪ್ಟೊಮೈಸಿನ್ ಬ್ಯಾಕ್ಟೀರಿಯಾದ ರೈಬೊಸೋಮಿಗೆ, ಅಂದರೆ ಪ್ರೋಟೀನು ತಯಾರಿಸುವ ಘಟಕಕ್ಕೆ, ಅಂಟಿಕೊಂಡು ಅದು ತಪ್ಪುತಪ್ಪು ಪ್ರೋಟೀನು ಮಾಡುವಂತೆ ಮಾಡುತ್ತದೆ. ನಮ್ಮ ಜೀವಕೋಶಗಳೊಳಗಿನ ಮೈಟೊಕಾಂಡ್ರಿಯಾಗಳ ಮೂಲವೂ ಬ್ಯಾಕ್ಟೀರಿಯಾವೇ, ಅವುಗಳ ರೈಬೊಸೋಮಿಗೂ ಅದೇ ಹೋಲಿಕೆ. ಒಳಕಿವಿಯ ರೋಮಕೋಶಗಳಿಗೆ ಈ ಗುಂಪಿನ ಮದ್ದುಗಳು ನುಗ್ಗಿದರೆ ಸುಲಭವಾಗಿ ಹೊರಬರುವುದಿಲ್ಲ, ಮನುಷ್ಯರಲ್ಲಿ ಆ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಸ್ಟ್ರೆಪ್ಟೊಮೈಸಿನ್ ಹೆಚ್ಚಾಗಿ ಕೆಡಿಸುವುದು ಸಮತೋಲನದ ಭಾಗವನ್ನು. ರೋಗಿ ಕತ್ತಲಲ್ಲಿ ನಡೆಯಲಾರ, ಕಣ್ಣು ಮುಚ್ಚಿ ಮುಖ ತೊಳೆಯಲು ಬಗ್ಗಿದರೆ ವಾಲುತ್ತಾನೆ. ಅದರ ತಮ್ಮಂದಿರಾದ ಕೆನಮೈಸಿನ್ ಮತ್ತು ಅಮಿಕಾಸಿನ್ ಶ್ರವಣಶಕ್ತಿಯನ್ನೇ ಕಸಿಯುತ್ತವೆ.

1993ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಮೈಟೊಕಾಂಡ್ರಿಯಾದ ಡಿ.ಎನ್.ಎ.ಯ 1555ನೇ ಸ್ಥಾನದಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುವವರಿಗೆ ಕಡಿಮೆ ಪ್ರಮಾಣದ ಮದ್ದೂ ಕಿವುಡು ತರಬಲ್ಲದು. ಮೈಟೊಕಾಂಡ್ರಿಯಾ ತಾಯಿಯಿಂದ ಮಾತ್ರ ಬರುವುದರಿಂದ ಈ ದೋಷ ಸಾಗುವುದೂ ತಾಯಿಯ ಕಡೆಯಿಂದಲೇ.

ಉಳಿದವನ್ನು ಬೇಗ ಹೇಳಿಬಿಡಬಹುದು. ಮದ್ದು ಹೊರಹೋಗುವುದು ಮೂತ್ರಪಿಂಡದ ಮೂಲಕ. ಮೂತ್ರಪಿಂಡ ಸೊರಗಿದ್ದರೆ ಅದು ರಕ್ತದಲ್ಲೇ ಉಳಿದು ಕಿವಿಗೂ ಮೂತ್ರಪಿಂಡಕ್ಕೂ ಹಾನಿ ಹೆಚ್ಚುತ್ತದೆ. ಅದಕ್ಕೇ ವಯಸ್ಸಾದವರಿಗೆ ಪ್ರಮಾಣ ಇಳಿಸುತ್ತಾರೆ. ಬಸುರಿಯರಿಗೆ ಕೊಟ್ಟರೆ ಮಗು ಕಿವುಡಾಗಿ ಹುಟ್ಟಬಹುದು, ಆದ್ದರಿಂದ ಅವರಿಗೆ ಸ್ಟ್ರೆಪ್ಟೊಮೈಸಿನ್ ಸಲ್ಲದು. ಚುಚ್ಚಿದ ಕೂಡಲೇ ಬಾಯಿಯ ಸುತ್ತ ಜುಮುಗುಟ್ಟುವುದು ಸಾಮಾನ್ಯ, ಅದು ತಾನಾಗಿ ಹೋಗುತ್ತದೆ. ಜ್ವರ ಮತ್ತು ಚರ್ಮದ ಗಂದೆ ಅಲರ್ಜಿಯ ಸೂಚನೆ. ದಿನವೂ ಮದ್ದು ಕಲಸುವ ನರ್ಸುಗಳ ಕೈಗೂ ಚರ್ಮರೋಗ ಬರುತ್ತಿತ್ತು.

ಭಾರತಕ್ಕೆ ಬಂದರೆ ಕಥೆ ಬೇರೆ ತಿರುವು ಪಡೆಯುತ್ತದೆ. ಬೆಂಗಳೂರಿನ ಬಳ್ಳಾರಿ ರಸ್ತೆಯ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಆರಂಭವಾಯಿತು. ಅದು ತುಮಕೂರು ಜಿಲ್ಲೆಯಲ್ಲಿ ಮಾಡಿದ ಸಮೀಕ್ಷೆಗಳು 1962ರ ರಾಷ್ಟ್ರೀಯ ಕಾರ್ಯಕ್ರಮಕ್ಕೆ ತಳಹದಿಯಾದವು. ಪುಣೆ ಹತ್ತಿರದ ಪಿಂಪ್ರಿಯ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ 1960ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ನನ್ನು ಇಲ್ಲೇ ತಯಾರಿಸತೊಡಗಿತು. ಮದ್ರಾಸಿನ ಸಂಶೋಧನಾ ಕೇಂದ್ರವೋ ಒಂದು ಜಾಣ ಪ್ರಯೋಗ ಮಾಡಿತು. ಮಾತ್ರೆಯನ್ನು ಮನೆಗೆ ಕೊಟ್ಟರೆ ರೋಗಿ ನುಂಗುತ್ತಾನೋ ಇಲ್ಲವೋ ಯಾರು ನೋಡಿದವರು? ಸ್ಟ್ರೆಪ್ಟೊಮೈಸಿನ್ ಹೊಟ್ಟೆಯ ಮೂಲಕ ರಕ್ತಕ್ಕೆ ಸೇರುವುದಿಲ್ಲ, ಚುಚ್ಚಲೇಬೇಕು. ಹಾಗಾಗಿ ಸೂಜಿಗೆಂದು ವಾರಕ್ಕೆರಡು ಸಲ ಬರುವ ರೋಗಿಗೆ ಐಸೊನಿಯಜಿಡ್ ಮಾತ್ರೆಯನ್ನೂ ಎದುರಿಗೇ ನುಂಗಿಸಿದರು. ಫಲಿತಾಂಶ ಚೆನ್ನಾಗಿ ಬಂತು. 1964ರಲ್ಲಿ ಪ್ರಕಟವಾದ ಈ ಕೆಲಸ, ಎದುರಿಗೇ ಮದ್ದು ನುಂಗಿಸುವ ಮುಂದಿನ 'ಡಾಟ್ಸ್' ಪದ್ಧತಿಯ ಬೇರುಗಳಲ್ಲಿ ಒಂದು.

ರಿಫಾಂಪಿಸಿನ್ ಬಂದು ಆರು ತಿಂಗಳ ಮಾತ್ರೆ ಚಿಕಿತ್ಸೆ ನೆಲೆಗೊಂಡ ಮೇಲೆ ಸೂಜಿಗೆ ವಿದಾಯ ಹೇಳಬಹುದಿತ್ತು. ಹೇಳಲಿಲ್ಲ. ಒಮ್ಮೆ ಚಿಕಿತ್ಸೆ ಬಿಟ್ಟವರಿಗೆ, ರೋಗ ಮರುಕಳಿಸಿದವರಿಗೆ 'ಕೆಟಗರಿ 2' ಎಂಬ ಕ್ರಮ ಮಾಡಿ, ಹಳೆಯ ಮಾತ್ರೆಗಳ ಜೊತೆ ಎರಡು ತಿಂಗಳಲ್ಲಿ 24 ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಸೇರಿಸಿದರು. ಸೋಲುತ್ತಿರುವ ಚಿಕಿತ್ಸೆಗೆ ಒಂದೇ ಒಂದು ಹೊಸ ಮದ್ದು ಸೇರಿಸಕೂಡದೆಂದು 1948ರ ಅನುಭವವೇ ಹೇಳಿತ್ತು. ಆದರೂ ಈ ಕ್ರಮ ದಶಕಗಳ ಕಾಲ ನಡೆಯಿತು. ಅಗ್ಗವಾಗಿತ್ತು, ಸುಲಭವಾಗಿ ಸಿಗುತ್ತಿತ್ತು. ಮೇಲಾಗಿ ನಮ್ಮ ಜನಕ್ಕೆ 'ಸೂಜಿ ಹಾಕಿಸಿಕೊಂಡರೇ ವಾಸಿ' ಎಂಬ ನಂಬಿಕೆ. ಕಿವಿ ಪರೀಕ್ಷಿಸುವ ಯಂತ್ರ ಮಾತ್ರ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಇರಲಿಲ್ಲ. ಕೊನೆಗೆ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕ್ರಮ ಬೇಡ ಎಂದಿತು.

ಔಷಧಕ್ಕೆ ಬಗ್ಗದ ಕ್ಷಯದವರ ಪಾಡು ಇನ್ನೂ ಕಷ್ಟದ್ದು. ತಿಂಗಳುಗಟ್ಟಲೆ ಕೆನಮೈಸಿನ್ ಚುಚ್ಚಿಸಿಕೊಂಡು ಬದುಕಿದವರಲ್ಲಿ ಎಷ್ಟೋ ಜನ ಕಿವುಡರಾದರು. ಹೀಗೆ ಚಿಕಿತ್ಸೆಯಿಂದಲೇ ಶ್ರವಣ ಕಳೆದುಕೊಂಡ ಮುಂಬೈನ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕಾದ ಫುಮೆಜಾ ಟಿಸಿಲೆ, ಇಂಥ ಕ್ಷಯಕ್ಕೆ ಸೂಜಿಯ ಬದಲು ನುಂಗಬಹುದಾದ ಬೆಡಾಕ್ವಿಲಿನ್ ಮಾತ್ರೆಯ ಪೇಟೆಂಟ್ ವಿಸ್ತರಣೆಯನ್ನು ಭಾರತದಲ್ಲಿ ವಿರೋಧಿಸಿದರು; 2023ರ ಮಾರ್ಚ್‌ನಲ್ಲಿ ಪೇಟೆಂಟ್ ಕಚೇರಿ ಕಂಪನಿಯ ಅರ್ಜಿಯನ್ನು ತಳ್ಳಿಹಾಕಿತು. ಅಷ್ಟರಲ್ಲಿ ಕೆನಮೈಸಿನ್ ಶಿಫಾರಸಿನಿಂದ ಹೊರಬಿದ್ದಿತ್ತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಆರು ತಿಂಗಳ ಹೊಸ ಕ್ರಮದಲ್ಲಿ ಎಲ್ಲವೂ ಮಾತ್ರೆಗಳೇ. 2024ರಲ್ಲಿ ಭಾರತವೂ ಅದಕ್ಕೆ ಒಪ್ಪಿಗೆ ಕೊಟ್ಟಿತು.

ಹಾಗೆಂದು ಸ್ಟ್ರೆಪ್ಟೊಮೈಸಿನ್ ಮೂಲೆಗುಂಪಾಗಿಲ್ಲ. ಪ್ಲೇಗಿಗೆ ಅದು ಇಂದೂ ನೆಚ್ಚಿನ ಮದ್ದು. ದನ, ಕುರಿ, ಮೇಕೆಗಳಿಂದ ಹತ್ತುವ ಬ್ರುಸೆಲ್ಲೋಸಿಸ್‌ಗೆ ಡಾಕ್ಸಿಸೈಕ್ಲಿನ್ ಜೊತೆ ಎರಡು ಮೂರು ವಾರ ಕೊಡುತ್ತಾರೆ. ವಿಜಯಪುರ, ಬಾಗಲಕೋಟೆ, ಕೊಪ್ಪಳದ ದಾಳಿಂಬೆ ಬೆಳೆಗಾರರಿಗಂತೂ ಇದು ದುಂಡಾಣು ಅಂಗಮಾರಿಗೆ ಸಿಂಪಡಿಸುವ 'ಸ್ಟ್ರೆಪ್ಟೊಸೈಕ್ಲಿನ್' ಎಂದೇ ಪರಿಚಯ. ಮನುಷ್ಯರ ಮದ್ದನ್ನು ತೋಟಕ್ಕೆ ಸುರಿದರೆ ಪ್ರತಿರೋಧ ಬೆಳೆದೀತೆಂದು ಕೇಂದ್ರ ಸರ್ಕಾರ 2021ರಲ್ಲಿ ಕೃಷಿ ಬಳಕೆಯನ್ನು ನಿಲ್ಲಿಸುವ ಕರಡು ಆದೇಶ ಹೊರಡಿಸಿತು.

ಓದುಗರಲ್ಲಿ ಒಂದು ಕೋರಿಕೆ. ಇದೇ ಗುಂಪಿನ ಅಮಿಕಾಸಿನ್, ಜೆಂಟಾಮೈಸಿನ್ ಇವತ್ತಿಗೂ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿವೆ, ಎಷ್ಟೋ ಸಲ ಜೀವ ಉಳಿಸುವುದೂ ಅವೇ. ನಿಮ್ಮ ತಾಯಿಯ ಕಡೆಯ ಬಂಧುಗಳಲ್ಲಿ ಯಾರಿಗಾದರೂ ಇಂಜೆಕ್ಷನ್ ಆದ ಮೇಲೆ ಕಿವಿ ಕೇಳದೆ ಹೋಗಿದ್ದರೆ, ನಿಮಗೆ ಮೂತ್ರಪಿಂಡದ ತೊಂದರೆಯಿದ್ದರೆ ಅಥವಾ ನೀವು ಬಸುರಿಯಾಗಿದ್ದರೆ ಅದನ್ನು ಸೂಜಿ ಚುಚ್ಚುವ ಮೊದಲೇ ವೈದ್ಯರಿಗೆ ಹೇಳಿ. ಚಿಕಿತ್ಸೆ ನಡೆಯುವಾಗ ಕಿವಿಯಲ್ಲಿ ಗುಂಯ್ ಎಂದರೆ, ನಡಿಗೆ ತೂರಾಡಿದರೆ ಮುಂದಿನ ಡೋಸಿನವರೆಗೆ ಕಾಯದೆ ಅವತ್ತೇ ತಿಳಿಸಿ.