ಸಾವೊ ತೊಮೆ: ಎಣ್ಣೆಯ ನಿರೀಕ್ಷೆಯಲ್ಲಿ ಕಾಲು ಶತಮಾನ

ಪಶ್ಚಿಮ ಆಫ್ರಿಕಾದ ಗಿನಿ ಕೊಲ್ಲಿಯಲ್ಲಿ, ಭೂಮಧ್ಯರೇಖೆ ಹಾದುಹೋಗುವ ಸ್ಥಳದಲ್ಲಿಯೇ ಇರುವ ಪುಟ್ಟ ದ್ವೀಪರಾಷ್ಟ್ರ ಸಾವೊ ತೊಮೆ ಮತ್ತು ಪ್ರಿನ್ಸಿಪೆ. ಎರಡು ಮುಖ್ಯ ದ್ವೀಪಗಳನ್ನೂ ಕೆಲವು ನಡುಗಡ್ಡೆಗಳನ್ನೂ ಒಳಗೊಂಡ ಈ ದೇಶದ ವಿಸ್ತೀರ್ಣ 1,001 ಚದರ ಕಿಲೋಮೀಟರ್. ನಮ್ಮ ದೆಹಲಿ ರಾಜ್ಯಕ್ಕಿಂತಲೂ ಚಿಕ್ಕದು. ಜನಸಂಖ್ಯೆ ಎರಡು ಲಕ್ಷಕ್ಕೆ ಸ್ವಲ್ಪ ಮೇಲೆ. ಈ ಕಿರುದೇಶದ ಹೆಸರು ಜಗತ್ತಿನ ತೈಲ ಕಂಪನಿಗಳ ಬಾಯಲ್ಲಿ ಕಾಲು ಶತಮಾನಕ್ಕೂ ಮಿಕ್ಕಿ ಓಡಾಡುತ್ತಿದೆ. ಆದರೆ ಅದರ ಕಡಲಿನಿಂದ ಮಾರಾಟಕ್ಕೆಂದು ಒಂದು ಬ್ಯಾರೆಲ್ ಎಣ್ಣೆಯೂ ಇದುವರೆಗೆ ಹೊರಬಂದಿಲ್ಲ. ಇಲ್ಲದ ಎಣ್ಣೆಯೂ ಒಂದು ದೇಶದ ರಾಜಕೀಯವನ್ನು ಹೇಗೆ ಕಲಕಬಲ್ಲದು, ಹಾಗೆಯೇ ಒಂದು ಒಳ್ಳೆಯ ಕಾನೂನಿಗೆ ಹೇಗೆ ಕಾರಣವಾಗಬಲ್ಲದು ಎಂಬುದಕ್ಕೆ ಈ ದೇಶವೇ ನಿದರ್ಶನ.

ಸಕ್ಕರೆಯಿಂದ ಕೋಕೋವರೆಗೆ

1470ರ ಸುಮಾರಿಗೆ ಪೋರ್ಚುಗೀಸ್ ನಾವಿಕರು ಇಲ್ಲಿಗೆ ಬಂದಾಗ ಈ ದ್ವೀಪಗಳಲ್ಲಿ ಜನವಸತಿ ಇರಲಿಲ್ಲ. ಅವರು ಆಫ್ರಿಕಾದ ನೆಲದಿಂದ ಗುಲಾಮರನ್ನು ತಂದು ಕಬ್ಬು ಬೆಳೆಸಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಕಾಫಿ, ಅನಂತರ ಕೋಕೋ ತೋಟಗಳು ಎದ್ದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೆಲವು ವರ್ಷಗಳ ಕಾಲ ಜಗತ್ತಿನಲ್ಲೇ ಅತಿ ಹೆಚ್ಚು ಕೋಕೋ ಬೆಳೆದದ್ದು ಈ ದ್ವೀಪಗಳೇ. ತೋಟಗಳಲ್ಲಿ ನಡೆಯುತ್ತಿದ್ದ ಬಲವಂತದ ದುಡಿಮೆಯ ಕಾರಣದಿಂದ 1909ರಲ್ಲಿ ಕ್ಯಾಡ್‌ಬರಿ ಮೊದಲಾದ ಇಂಗ್ಲಿಷ್ ಚಾಕೊಲೇಟ್ ಕಂಪನಿಗಳು ಇಲ್ಲಿಯ ಕೋಕೋವನ್ನು ಬಹಿಷ್ಕರಿಸಿದವು.

1975ರ ಜುಲೈ 12ರಂದು ದೇಶ ಸ್ವತಂತ್ರವಾಯಿತು. ಪೋರ್ಚುಗೀಸರು ತೆರಳಿದ ಮೇಲೆ ತೋಟಗಳನ್ನು ರಾಷ್ಟ್ರೀಕರಣ ಮಾಡಲಾಯಿತು. ಉತ್ಪಾದನೆ ಕುಸಿಯಿತು, ಹೊರಸಾಲ ಬೆಳೆಯಿತು. ಇಂಥ ಇಕ್ಕಟ್ಟಿನಲ್ಲಿದ್ದಾಗಲೇ ಎಣ್ಣೆಯ ಮಾತು ಕೇಳಿಬಂದಿತು.

ಎಣ್ಣೆಯ ಸುಳಿವು

ನೆರೆಯ ನೈಜೀರಿಯಾ ಮತ್ತು ಗ್ಯಾಬನ್ ಮೊದಲಿನಿಂದಲೂ ತೈಲ ದೇಶಗಳು. 1995ರಲ್ಲಿ ಈಕ್ವೆಟೋರಿಯಲ್ ಗಿನಿಯ ಕಡಲಿನಲ್ಲಿ ಜಫೀರೋ ಎಂಬ ದೊಡ್ಡ ತೈಲಕ್ಷೇತ್ರ ಪತ್ತೆಯಾಯಿತು. ಸುತ್ತಲೂ ಎಣ್ಣೆ ಇರುವಾಗ ನಡುವಿನ ನೀರಿನಡಿಯಲ್ಲೂ ಇರಲೇಬೇಕೆಂಬ ತರ್ಕ ಸಹಜವಾಗಿಯೇ ಹುಟ್ಟಿತು.

1997ರಲ್ಲಿ ಸರಕಾರವು ಇಆರ್‌ಎಚ್‌ಸಿ ಎಂಬ ಸಣ್ಣ ಅಮೆರಿಕನ್ ಕಂಪನಿಯೊಡನೆ ದೀರ್ಘಾವಧಿಯ ಒಪ್ಪಂದ ಮಾಡಿಕೊಂಡಿತು. 50 ಲಕ್ಷ ಡಾಲರಿನ ಪ್ರತಿಫಲಕ್ಕೆ ಕಂಪನಿಗೆ ಅಪಾರ ಹಕ್ಕುಗಳು ದೊರೆತವು. ತಾನು ಮಾರಿದ್ದು ಏನೆಂದು ತಿಳಿಯುವಷ್ಟರಲ್ಲಿ ವಿವಾದ ಮಧ್ಯಸ್ಥಿಕೆಗೆ ಹೋಗಿತ್ತು. ಕೊನೆಗೆ ನಡೆದ ರಾಜಿಯಲ್ಲಿಯೂ ಕಂಪನಿಗೆ ಹಲವು ಬ್ಲಾಕುಗಳಲ್ಲಿ ಪಾಲು ಉಳಿಯಿತು.

ನೈಜೀರಿಯಾದೊಡನೆ ಕಡಲಗಡಿಯ ತಕರಾರೂ ಇತ್ತು. ಗಡಿ ಎಳೆಯುವ ಬದಲು ತಕರಾರಿನ ಪ್ರದೇಶವನ್ನೇ ಜಂಟಿಯಾಗಿ ಅಭಿವೃದ್ಧಿಪಡಿಸಲು 2001ರ ಫೆಬ್ರವರಿಯಲ್ಲಿ ಎರಡೂ ದೇಶಗಳು ಒಪ್ಪಂದಕ್ಕೆ ಬಂದವು. ಆದಾಯದಲ್ಲಿ ನೈಜೀರಿಯಾಕ್ಕೆ ಶೇ. 60, ಸಾವೊ ತೊಮೆಗೆ ಶೇ. 40, ಅವಧಿ 45 ವರ್ಷ.

ಅನುಮತಿಯ ಬೆಲೆ

ತೈಲ ವ್ಯವಹಾರದಲ್ಲಿ 'ಸಹಿ ಬೋನಸ್' ಎಂಬುದೊಂದಿದೆ. ಗುತ್ತಿಗೆಗೆ ಸಹಿ ಹಾಕುವಾಗ ಕಂಪನಿಯು ಸರಕಾರಕ್ಕೆ ಕೊಡುವ ಹಣ ಇದು. ಎಣ್ಣೆ ಸಿಗಲಿ, ಬಿಡಲಿ, ಇದನ್ನು ಹಿಂದಿರುಗಿಸಬೇಕಾಗಿಲ್ಲ. ಜಂಟಿ ವಲಯದ ಮೊದಲ ಬ್ಲಾಕಿಗೆ ಷೆವ್ರಾನ್ ನೇತೃತ್ವದ ಕೂಟವು 12.3 ಕೋಟಿ ಡಾಲರ್ ಬೋನಸ್ ಕೊಡಲು ಮುಂದಾಗಿ, 2005ರ ಫೆಬ್ರವರಿಯಲ್ಲಿ ಸಹಿ ಹಾಕಿತು. ಶೇ. 40ರ ಲೆಕ್ಕದಲ್ಲಿ ಸಾವೊ ತೊಮೆಯ ಪಾಲು ಸುಮಾರು 4.9 ಕೋಟಿ ಡಾಲರ್. ದೇಶದ ಅಂದಿನ ವಾರ್ಷಿಕ ರಫ್ತಿನ ಹಲವು ಪಟ್ಟು ಹಣ ಅದು!

ಹಣ ಬರುವ ಮೊದಲೇ ಕಲಹ ಬಂದಿತ್ತು. 2003ರ ಜುಲೈ 16ರಂದು, ಅಧ್ಯಕ್ಷ ಫ್ರಾಡಿಕ್ ಡಿ ಮೆನೆಜೆಸ್ ಅವರು ನೈಜೀರಿಯಾ ಪ್ರವಾಸದಲ್ಲಿದ್ದಾಗ ಸೈನಿಕರು ಅಧಿಕಾರ ಕಸಿದುಕೊಂಡರು. ರಕ್ತಪಾತವಾಗಲಿಲ್ಲ. ವಾರದೊಳಗೆ ಸಂಧಾನ ನಡೆದು, ನೈಜೀರಿಯಾದ ಅಧ್ಯಕ್ಷ ಒಬಸಾಂಜೊ ಅವರೊಡನೆ ಮೆನೆಜೆಸ್ ಹಿಂದಿರುಗಿದರು. ಸೈನಿಕರ ಅಸಮಾಧಾನ ತಮ್ಮ ಬಡತನದ ಬಗ್ಗೆ ಇದ್ದರೂ, ಬರಲಿರುವ ಎಣ್ಣೆಯ ಹಣ ಯಾರ ಕೈ ಸೇರುವುದೆಂಬ ಶಂಕೆ ಇಡೀ ದೇಶದಲ್ಲಿ ಹರಡಿತ್ತು. ಎರಡನೆಯ ಸುತ್ತಿನ ಬ್ಲಾಕು ಹಂಚಿಕೆಯ ವಿವಾದದ ನಡುವೆ 2005ರಲ್ಲಿ ಪ್ರಧಾನಿಯೇ ರಾಜೀನಾಮೆ ಕೊಟ್ಟರು.

ಮುಂದಾಗಿ ಬಂದ ಕಾನೂನು

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ನಮ್ಮಲ್ಲಿ ನಗುವುದುಂಟು. ಸಾವೊ ತೊಮೆಯ ಸಂಸತ್ತು ಮಾಡಿದ್ದು ಅದನ್ನೇ. ಆದರೆ ಅದು ನಗುವ ಕೆಲಸವಾಗಿರಲಿಲ್ಲ. ಅರ್ಥಶಾಸ್ತ್ರಜ್ಞ ಜೆಫ್ರಿ ಸ್ಯಾಕ್ಸ್ ಅವರ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡದ ಸಲಹೆ ಪಡೆದು, 2004ರಲ್ಲಿ ತೈಲಾದಾಯ ನಿರ್ವಹಣೆಯ ಕಾನೂನನ್ನು ಅಂಗೀಕರಿಸಲಾಯಿತು. ಅದರ ಪ್ರಕಾರ ಎಣ್ಣೆಯಿಂದ ಬರುವ ಹಣವೆಲ್ಲ ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿನಲ್ಲಿರುವ ಪ್ರತ್ಯೇಕ ಖಾತೆಗೆ ಜಮೆಯಾಗಬೇಕು. ಆಯವ್ಯಯಕ್ಕಾಗಿ ವರ್ಷಕ್ಕೊಮ್ಮೆ, ಗೊತ್ತುಪಡಿಸಿದ ಮಿತಿಯೊಳಗೆ ಮಾತ್ರ ಹಣ ತೆಗೆಯಬಹುದು. ಒಂದು ಭಾಗ ಮುಂದಿನ ಪೀಳಿಗೆಗೆಂದು ಶಾಶ್ವತ ನಿಧಿಯಲ್ಲಿ ಉಳಿಯಬೇಕು. ಒಪ್ಪಂದಗಳನ್ನು ಸಾರ್ವಜನಿಕರಿಗೆ ತೋರಿಸಬೇಕು.

ಬಹುತೇಕ ತೈಲ ದೇಶಗಳಲ್ಲಿ ಹಣ ಮೊದಲು, ನಿಯಮ ಆಮೇಲೆ. ಹಣ ಉಣ್ಣುವವರು ಹುಟ್ಟಿಕೊಂಡ ಮೇಲೆ ನಿಯಮ ತರುವುದು ಎಷ್ಟು ಕಷ್ಟವೆಂಬುದು ಲೆಕ್ಕಪತ್ರ ಬಲ್ಲ ಯಾರಿಗೂ ತಿಳಿದ ಮಾತೇ. ಈ ದೃಷ್ಟಿಯಿಂದ ಸಾವೊ ತೊಮೆಯ ಕಾನೂನು ಮಹತ್ವದ್ದು.

ಬರಿದಾದ ಬಾವಿಗಳು

2006ರಲ್ಲಿ ಷೆವ್ರಾನ್ ಕೊರೆದ 'ಓಬೋ-1' ಬಾವಿಯಲ್ಲಿ ತೈಲಾಂಶ ಕಂಡಿತಾದರೂ ಅದು ಲಾಭಕ್ಕೆ ಸಾಲುವಷ್ಟಿರಲಿಲ್ಲ. ಸಾವಿರಾರು ಅಡಿ ಆಳದ ನೀರಿನಲ್ಲಿ ಬಾವಿ ಕೊರೆಯುವ ವೆಚ್ಚ ವಿಪರೀತ; ಸಣ್ಣ ನಿಕ್ಷೇಪ ಸಿಕ್ಕಿದರೆ ಗಿಟ್ಟುವುದಿಲ್ಲ. ಅನಂತರ ಚೀನಾದ ಸಿನೊಪೆಕ್ ಮತ್ತು ಅದರ ಅಂಗಸಂಸ್ಥೆ ಅಡಾಕ್ಸ್ ಕೂಡ ಕೊರೆದು ನೋಡಿದವು. ಜಂಟಿ ವಲಯದ ಎರಡನೆಯ ಬ್ಲಾಕಿನಲ್ಲಿ ನಮ್ಮ ಒಎನ್‌ಜಿಸಿ ವಿದೇಶ್ ಸಂಸ್ಥೆಗೂ ಒಂದು ಪಾಲು ಇತ್ತು. ಮೊದಲ ಬ್ಲಾಕನ್ನು ವಹಿಸಿಕೊಂಡ ಫ್ರಾನ್ಸಿನ ಟೋಟಲ್ ಕಂಪನಿ 2013ರಲ್ಲಿ ಕೈಬಿಟ್ಟಿತು.

ಅನಂತರ ಗಮನ ದೇಶದ ಸ್ವಂತ ಕಡಲಿನತ್ತ ಹೊರಳಿತು. 2022ರಲ್ಲಿ ಪೋರ್ಚುಗಲ್ಲಿನ ಗಾಲ್ಪ್ ಮತ್ತು ಷೆಲ್ ಸೇರಿ ಅಲ್ಲಿ ಮೊದಲ ಬಾವಿ 'ಜಾಕಾ-1' ಕೊರೆದವು. ಭೂಗರ್ಭದಲ್ಲಿ ಎಣ್ಣೆ ಹುಟ್ಟುವ ವ್ಯವಸ್ಥೆ ಇದೆಯೆಂದು ತಿಳಿದರೂ ಲಾಭದಾಯಕ ನಿಕ್ಷೇಪ ಸಿಗಲಿಲ್ಲ. ಆದರೂ ಕಂಪನಿಗಳ ಆಸಕ್ತಿ ಅಳಿದಿಲ್ಲ. 2024ರಲ್ಲಿ ಬ್ರೆಜಿಲಿನ ಪೆಟ್ರೋಬ್ರಾಸ್ ಮೂರು ಬ್ಲಾಕುಗಳಲ್ಲಿ ಪಾಲು ಪಡೆಯಿತು.

ಎಣ್ಣೆಯಿಲ್ಲದೆ ಬದುಕು

ಎಣ್ಣೆ ಬಾರದಿದ್ದರೂ ದೇಶ ನಿಂತಿಲ್ಲ. 2007ರಲ್ಲಿ ಅಂತರರಾಷ್ಟ್ರೀಯ ಸಾಲಮನ್ನಾ ಯೋಜನೆಯಡಿ ಸುಮಾರು 30 ಕೋಟಿ ಡಾಲರ್ ಸಾಲದ ಹೊರೆ ಇಳಿಯಿತು. ಸಹಿ ಬೋನಸ್ಸಿನಿಂದ ಬಂದುದಕ್ಕಿಂತ ಇದು ಎಷ್ಟೋ ಹೆಚ್ಚು. ಚುನಾವಣೆಗಳಲ್ಲಿ ಸೋತ ಪಕ್ಷಗಳು ಅಧಿಕಾರ ಬಿಟ್ಟುಕೊಡುವ ಪರಿಪಾಠ ಉಳಿದಿದೆ. 2024ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಸಾವೊ ತೊಮೆ ಹೊರಬಂದಿತು. ಕೋಕೋ ಇಂದಿಗೂ ಮುಖ್ಯ ರಫ್ತು.

ಇದರಲ್ಲಿ ಒಂದು ವಿಪರ್ಯಾಸವೂ ಇದೆ. ಎಣ್ಣೆಯ ಕನಸು ಕಂಡ ಈ ನಾಡಿನ ವಿದ್ಯುತ್ತು ಬಹುಪಾಲು ಆಮದಾದ ಡೀಸೆಲಿನಿಂದಲೇ ಹುಟ್ಟುತ್ತದೆ. ಅಂಗೋಲಾದಿಂದ ಬರುವ ಆ ಇಂಧನದ ಬಾಕಿಯೇ ಬೊಕ್ಕಸಕ್ಕೆ ದೊಡ್ಡ ಭಾರ. ಆಗಾಗ ಕತ್ತಲೆಯೂ ತಪ್ಪಿದ್ದಲ್ಲ. ನಾಳೆ ಯಾವುದಾದರೂ ಬಾವಿಯಲ್ಲಿ ಎಣ್ಣೆ ಚಿಮ್ಮಿದರೆ ಅದರ ಹಣವನ್ನು ಇಡಬೇಕಾದ ಖಾತೆ, ಅದಕ್ಕೆ ಬೇಕಾದ ನಿಯಮ ಎರಡೂ ಇಪ್ಪತ್ತು ವರ್ಷಗಳಿಂದ ಸಿದ್ಧವಾಗಿವೆ. ಅಪಾರ ಎಣ್ಣೆ ಮಾರಿಯೂ ಇಷ್ಟನ್ನು ಸಾಧಿಸದ ದೇಶಗಳು ಜಗತ್ತಿನಲ್ಲಿವೆ.